ಪರಿಸರಸ್ನೇಹಿ ಮನೆಗೆ ಮೊದಲು ಏನು ಮಾಡಿಸಬೇಕು?

ಮನೆ ವಿನ್ಯಾಸದ ಕೆಲಸದಲ್ಲಿರುವುದರಿಂದ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: “ಮನೆಯನ್ನು ನವೀಕರಿಸಬೇಕೆಂದಿದ್ದೇವೆ. ಪರಿಸರಕ್ಕೆ ಹೊರೆಯಾಗಬಾರದು. ಮೊದಲು ಏನು ಮಾಡಿಸೋಣ?” ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಉತ್ತರ ಆಗಲೇ ಇರುತ್ತದೆ. ಸೌರ ಫಲಕ, ಬಿದಿರಿನ ನೆಲಹಾಸು, ಮೊಬೈಲಿನಿಂದ ನಡೆಸುವ ದೀಪ, ಹೀಗೆ ಏನಾದರೊಂದು. ನಾನು ಹೂಂ ಎನ್ನಲಿ ಎಂದು ಕಾಯುತ್ತಿರುತ್ತಾರೆ. ನಾನು ಹೇಳುವ ಕ್ರಮ ಬೇರೆ. ನಿಂತಿರುವುದನ್ನು ಆದಷ್ಟೂ ಉಳಿಸಿಕೊಳ್ಳಿ. ಆಮೇಲೆ ಬಿಸಿಲು, ಚಳಿ, ಮಳೆಗಳನ್ನು ನಿಮ್ಮ ಗೋಡೆ, ಚಾವಣಿ, ಕಿಟಕಿಗಳು ಹೇಗೆ ಎದುರಿಸುತ್ತಿವೆ ಎಂದು ನೋಡಿ ಸರಿಪಡಿಸಿ. ಯಂತ್ರಗಳ ಸರದಿ ಅದರ ನಂತರ. ಸೌರ ಫಲಕ ಎಲ್ಲಕ್ಕಿಂತ ಕೊನೆಗೆ. ಇಷ್ಟು ಹಟ ಹಿಡಿದು ಈ ಕ್ರಮವನ್ನೇ ಯಾಕೆ ಹೇಳುತ್ತೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ.

ಕೆಡವುವ ಮಾತು ಬಂದಾಗಲೆಲ್ಲ ನಾನು ಸಿಮೆಂಟಿನ ಲೆಕ್ಕ ತೆಗೆಯುತ್ತೇನೆ. ಸುಣ್ಣದ ಕಲ್ಲನ್ನು ಜೇಡಿಮಣ್ಣಿನೊಂದಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಸಿಗುತ್ತದೆ. ಗೂಡಿನ ಇಂಧನದಿಂದ ಹೊಗೆ ಬರುತ್ತದೆ ಎನ್ನುವುದು ಎಲ್ಲರಿಗೂ ಹೊಳೆಯುವ ಸಂಗತಿ. ಆದರೆ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಸುಣ್ಣದ ಕಲ್ಲಿನ ಒಳಗಿನಿಂದಲೇ ಬರುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದಾಗ ಅದು ಬಿಡುಗಡೆಯಾಗಲೇಬೇಕು. ಎಂಥ ಶುದ್ಧ ಇಂಧನ ಉರಿಸಿದರೂ ಈ ಪಾಲು ತಪ್ಪುವುದಿಲ್ಲ. ಮನುಷ್ಯರ ಚಟುವಟಿಕೆಗಳಿಂದ ಗಾಳಿಗೆ ಸೇರುವ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಸುಮಾರು ಶೇಕಡ 7ರಿಂದ 8. ಉಕ್ಕಿನದೂ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಮನೆಯ ಅಡಿಪಾಯ, ಕಂಬ, ತೊಲೆ, ಚಾವಣಿಗಳಲ್ಲಿ ಇವೆರಡೂ ಆಗಲೇ ಸೇರಿಹೋಗಿವೆ. ಕೆಡವಿ ಹೊಸದಾಗಿ “ಹಸಿರು ಮನೆ” ಕಟ್ಟಿದರೆ ಅಷ್ಟನ್ನೂ ಮತ್ತೊಮ್ಮೆ ಸುಡಬೇಕು. ಹೊಸ ಮನೆ ಉಳಿಸುವ ವಿದ್ಯುತ್ತಿನಿಂದ ಆ ಸಾಲ ತೀರಲು ದಶಕಗಳೇ ಹಿಡಿಯಬಹುದು. ಅತ್ಯಂತ ಹಸಿರಾದ ಕಟ್ಟಡವೆಂದರೆ ಈಗಾಗಲೇ ಕಟ್ಟಿ ನಿಂತಿರುವ ಕಟ್ಟಡ ಎಂದು ಅಮೆರಿಕದ ವಾಸ್ತುಶಿಲ್ಪಿ ಕಾರ್ಲ್ ಎಲಿಫಾಂಟೆ ಹೇಳಿದ್ದು ಇದೇ ಕಾರಣಕ್ಕೆ.

ಅಡಿಪಾಯ ಕುಸಿದಿದ್ದರೆ, ಕಬ್ಬಿಣದ ಸರಳು ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದ್ದರೆ ಮಾತು ಬೇರೆ. ಅಲ್ಲಿ ಎಂಜಿನಿಯರ್ ಪರೀಕ್ಷಿಸಿ ಹೇಳಿದ್ದೇ ಕೊನೆಯ ಮಾತು. ಆದರೆ ಮನೆ ಹಳತಾಯಿತು ಎನ್ನುವವರ ದೂರುಗಳನ್ನು ಬಿಡಿಸಿ ಕೇಳಿದರೆ ಸಿಗುವುದು ಬೇರೆಯೇ: ಅಡುಗೆಮನೆಯಲ್ಲಿ ಬೆಳಕಿಲ್ಲ, ಸಾಮಾನು ಇಡಲು ಜಾಗವಿಲ್ಲ, ಮಲಗುವ ಕೋಣೆಯಲ್ಲಿ ಸೆಕೆ. ಇವುಗಳಲ್ಲಿ ಬಹುಪಾಲು ಒಂದು ಬಾಗಿಲನ್ನು ಸರಿಸುವುದರಿಂದ, ಭಾರ ಹೊರದ ಗೋಡೆಯೊಂದನ್ನು ಅರ್ಧಕ್ಕೆ ಇಳಿಸುವುದರಿಂದ, ಕಿಟಕಿಯನ್ನು ಒಂದೆರಡು ಅಡಿ ಎತ್ತರಿಸುವುದರಿಂದ ಪರಿಹಾರವಾಗುತ್ತವೆ. ಅಡುಗೆಮನೆಯ ಕಪಾಟುಗಳ ಒಡಲು ಗಟ್ಟಿಯಾಗಿದ್ದರೆ ಬಾಗಿಲುಗಳನ್ನಷ್ಟೇ ಬದಲಿಸಿ. ಬಣ್ಣ ಬಳಿಯದ ಹಳೆಯ ಮರದ ಚೌಕಟ್ಟುಗಳನ್ನು ಉಜ್ಜಿ ಎಣ್ಣೆ ಹಚ್ಚಿದರೆ ಇನ್ನೊಂದು ತಲೆಮಾರು ಬಾಳುತ್ತವೆ. ಗೋಡೆ ತೆಗೆಯಲೇಬೇಕಾದರೆ ಅದನ್ನು ಯಾವ ಗಾರೆಯಲ್ಲಿ ಕಟ್ಟಿದ್ದಾರೆ ಎಂದು ನೋಡಿ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರುವುದರಿಂದ ಇಟ್ಟಿಗೆಗಳು ಇಡಿಯಾಗಿ ಬಿಡಿಸಿಕೊಳ್ಳುತ್ತವೆ. ಬಿಡಿಸಿ ಮತ್ತೆ ಬಳಸಬಹುದು. ಸಿಮೆಂಟ್ ಗಾರೆಯ ಗೋಡೆಯಲ್ಲಿ ಗಾರೆಗಿಂತ ಮೊದಲು ಇಟ್ಟಿಗೆಯೇ ಒಡೆಯುತ್ತದೆ.

ಹೊಸ ಗೋಡೆ ಕಟ್ಟಬೇಕಾದಲ್ಲಿ ನಾನು ಮೇಸ್ತ್ರಿಗಳೊಂದಿಗೆ ಮೊದಲು ಮಾತನಾಡುವುದು ರ್‍ಯಾಟ್ ಟ್ರ್ಯಾಪ್ ಕಟ್ಟಣೆಯ ಬಗ್ಗೆ. ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುತ್ತಾ ಹೋಗುವ ಈ ವಿಧಾನವನ್ನು ಕೇರಳದಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಲಾರಿ ಬೇಕರ್ ತಮ್ಮ ಕಟ್ಟಡಗಳಲ್ಲಿ ಧಾರಾಳವಾಗಿ ಬಳಸಿದರು. ಹೆಚ್ಚುಕಡಿಮೆ ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನಲ್ಲಿ ನಿಂತ ಗಾಳಿ ಶಾಖವನ್ನೂ ತಡೆಯುತ್ತದೆ. ಕಾಂಕ್ರೀಟ್ ಬೇಕೇ ಬೇಕು ಎನ್ನುವ ಕಡೆ ಹಾರುಬೂದಿ ಅಥವಾ ಕಬ್ಬಿಣದ ಕುಲುಮೆಯ ಕಿಟ್ಟವನ್ನು ಬೆರೆಸಿದ ಸಿಮೆಂಟ್ ಕೇಳಿ ತರಿಸಿ. ಅದರಲ್ಲಿ ಕ್ಲಿಂಕರಿನ ಪ್ರಮಾಣ ಕಡಿಮೆ.

ಇನ್ನು ಬಿಸಿಲು. ಬಿಸಿ ಪ್ರದೇಶದ ಮನೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ನೇರ ಬಿಸಿಲಿಗೆ ಮುಖ ಮಾಡಿದ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್‌ವರೆಗೆ ಶಕ್ತಿ ಬಂದು ಬೀಳುತ್ತದೆ. ಇಳಿಹೊತ್ತಿನಲ್ಲಿ ಅದು ಒಂದಿಷ್ಟು ಕಡಿಮೆಯಾಗುತ್ತದೆ, ಗಾಜೂ ಸ್ವಲ್ಪ ತಡೆಯುತ್ತದೆ. ಎಲ್ಲ ಕಳೆದರೂ ಎರಡು ಚದರ ಮೀಟರಿನ ಪಶ್ಚಿಮದ ಕಿಟಕಿಯೊಂದು ಬೇಸಿಗೆಯ ಸಂಜೆ ಕೋಣೆಯೊಳಗೆ ಸುಮಾರು ಒಂದು ಕಿಲೋವಾಟ್ ಶಾಖವನ್ನು ಬಿಡುತ್ತದೆ. ಚಳಿಗಾಲದಲ್ಲಿ ಬಳಸುವ ಸಣ್ಣ ರೂಮ್ ಹೀಟರಿನ ಸಾಮರ್ಥ್ಯ ಅಷ್ಟೇ. ಬೇಸಿಗೆಯಲ್ಲಿ ಹೀಟರ್ ಹಚ್ಚಿ, ಅದನ್ನು ತಣಿಸಲು ಏರ್ ಕಂಡೀಷನರ್ ಓಡಿಸುವ ಸ್ಥಿತಿ ಎಷ್ಟೋ ಮನೆಗಳಲ್ಲಿದೆ, ಯಾರಿಗೂ ಕಾಣಿಸುವುದಿಲ್ಲ ಅಷ್ಟೇ.

“ದಪ್ಪ ಪರದೆ ಹಾಕಿದ್ದೇವಲ್ಲ” ಎನ್ನುತ್ತಾರೆ. ಪರದೆ ಕೋಣೆಯ ಒಳಗಿದೆ. ಬೆಳಕು ಗಾಜನ್ನು ದಾಟಿ ಬಂದು ಪರದೆಗೆ ತಗಲಿ ಅಲ್ಲಿ ಶಾಖವಾಗುತ್ತದೆ. ಕಾದ ಬಟ್ಟೆ ಹೊರಸೂಸುವ ಅವಕೆಂಪು ಕಿರಣಗಳಿಗೆ ಗಾಜು ದಾರಿ ಬಿಡುವುದಿಲ್ಲ. ಹಾಗಾಗಿ ಒಳಗೆ ಬಂದ ಬಿಸಿ ಹೆಚ್ಚಿನಂಶ ಒಳಗೇ ಉಳಿಯುತ್ತದೆ. ಅದೇ ತಡೆಯನ್ನು ಗಾಜಿನ ಹೊರಗೆ ತಂದರೆ, ಬಿದಿರಿನ ತಟ್ಟಿಯಾಗಲಿ, ಮರದ ಪಟ್ಟಿಗಳ ಜಾಲರಿಯಾಗಲಿ, ಬಳ್ಳಿ ಹಬ್ಬಿದ ಚಪ್ಪರವಾಗಲಿ, ಶಾಖ ಗಾಜನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಚದುರಿಹೋಗುತ್ತದೆ. ಮನೆಗೆ ಮಾಡಿಸುವ ಎಲ್ಲ ಕೆಲಸಗಳಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವುದು ಇದು.

ಯಾವ ಕಿಟಕಿಗೆ ಎಂಥ ತಡೆ ಎಂಬುದಕ್ಕೆ ದಿಕ್ಕು ಮುಖ್ಯ. ಉತ್ತರ ಗೋಳಾರ್ಧದಲ್ಲಿ ದಕ್ಷಿಣದ ಕಿಟಕಿಗೆ ಸಜ್ಜಾ ಚೆನ್ನಾಗಿ ಕೆಲಸ ಮಾಡುತ್ತದೆ: ಬೇಸಿಗೆಯ ಮಧ್ಯಾಹ್ನ ಸೂರ್ಯ ಎತ್ತರದಲ್ಲಿರುವುದರಿಂದ ನೆರಳು ಬೀಳುತ್ತದೆ, ಚಳಿಗಾಲದಲ್ಲಿ ತಗ್ಗಿನಲ್ಲಿರುವುದರಿಂದ ಎಳೆಬಿಸಿಲು ಒಳಗೆ ಬರುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಇದೇ ಮಾತು ಉತ್ತರದ ಕಿಟಕಿಗೆ ಸಲ್ಲುತ್ತದೆ. ಕರ್ಕಾಟಕ ಮತ್ತು ಮಕರ ವೃತ್ತಗಳ ನಡುವೆ ಸೂರ್ಯ ವರ್ಷದಲ್ಲಿ ಕೆಲಕಾಲ ಉತ್ತರಕ್ಕೂ ಕೆಲಕಾಲ ದಕ್ಷಿಣಕ್ಕೂ ಸರಿಯುವುದರಿಂದ ಅಲ್ಲಿ ಎರಡೂ ಕಡೆ ಸಜ್ಜಾ ಬೇಕು. ಪೂರ್ವ, ಪಶ್ಚಿಮಗಳಲ್ಲಿ ಮಾತ್ರ ಸಜ್ಜಾವನ್ನು ಎಷ್ಟು ಚಾಚಿದರೂ ಸಾಲದು. ಬಿಸಿಲು ಓರೆಯಾಗಿ, ಕಣ್ಣಿನ ಮಟ್ಟದಲ್ಲಿ ನುಗ್ಗುತ್ತದೆ. ಅಲ್ಲಿ ಬೇಕಾದದ್ದು ಕಿಟಕಿಗೆ ಅಡ್ಡವಾಗಿ ನಿಲ್ಲುವ ತಡೆ ಅಥವಾ ಮರ. ಚಳಿಗಾಲ ಕಠಿಣವಾಗಿರುವ ಕಡೆ ಎಲೆ ಉದುರಿಸುವ ಜಾತಿಯ ಮರ ನೆಟ್ಟರೆ ಬೇಸಿಗೆಗೆ ನೆರಳು, ಚಳಿಗೆ ಬಿಸಿಲು ಎರಡೂ ಸಿಗುತ್ತವೆ. ನಕ್ಷೆ ಬರೆಸುವ ಮೊದಲು ಒಂದು ದಿನ ಮನೆಯಲ್ಲೇ ಕುಳಿತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಆ ಗುರುತುಗಳನ್ನು ತೋರಿಸುವವರೊಂದಿಗೆ ಕೆಲಸ ಮಾಡುವುದು ನನಗೆ ಬಹಳ ಇಷ್ಟ.

ನಡುಹಗಲಿನಲ್ಲಿ ಗೋಡೆಗಳಿಗಿಂತ ಹೆಚ್ಚು ಬಿಸಿಲು ತಿನ್ನುವುದು ಚಾವಣಿ. ಕಪ್ಪು ಮೇಲ್ಮೈಯ ಚಾವಣಿ ಬೇಸಿಗೆಯಲ್ಲಿ 65 ಡಿಗ್ರಿಯನ್ನೂ ಮೀರಿ ಕಾಯಬಲ್ಲದು. ಒಳ್ಳೆಯ ಬಿಳಿ ಲೇಪನ ಹೊಸದಿರುವಾಗ ಬಿಸಿಲಿನ ಶೇಕಡ 80ರಷ್ಟನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಧೂಳು ಕೂತಂತೆ ಆ ಗುಣ ಕುಗ್ಗುವುದರಿಂದ ಆಗಾಗ ತೊಳೆಯಬೇಕು. ಕಾಂಕ್ರೀಟ್ ತಾರಸಿಗೆ ಉಷ್ಣನಿರೋಧಕ ಪದರ ಹಾಕಿಸುವುದಾದರೆ ಅದು ತಾರಸಿಯ ಮೇಲಿರಲಿ. ಕೆಳಗೆ ಹಾಕಿದರೆ ಕಾಂಕ್ರೀಟ್ ಇಡೀ ದಿನ ಕಾದು ಬಿರಿಯುತ್ತಾ ಹೋಗುತ್ತದೆ. ತಾರಸಿ ತೋಟದ ಆಸೆ ಇರುವವರು ಒದ್ದೆ ಮಣ್ಣಿನ ತೂಕವನ್ನು ಚಾವಣಿ ತಾಳುತ್ತದೆಯೇ ಎಂದು ಮೊದಲು ಎಂಜಿನಿಯರ್ ಬಳಿ ಲೆಕ್ಕ ಹಾಕಿಸಿ.

ಗಾಳಿಗೆ ಬರುವ ದಾರಿಯಷ್ಟೇ ಹೋಗುವ ದಾರಿಯೂ ಬೇಕು. ಒಂದೇ ಗೋಡೆಯಲ್ಲಿ ಎರಡು ದೊಡ್ಡ ಕಿಟಕಿ ಇರುವುದಕ್ಕಿಂತ ಎದುರುಬದುರು ಗೋಡೆಗಳಲ್ಲಿ ಒಂದೊಂದು ಸಣ್ಣ ಕಿಟಕಿ ಇರುವುದು ಮೇಲು. ಬಿಸಿ ಗಾಳಿ ಮೇಲಕ್ಕೇರುವುದರಿಂದ ಚಾವಣಿಗೆ ಹತ್ತಿರದಲ್ಲಿ ತೆರೆಯುವ ಗವಾಕ್ಷಿ ಇಡಿ. ಒಣ ಹವೆಯ ಊರಿನಲ್ಲಿ ರಾತ್ರಿ ಎಲ್ಲ ತೆರೆದು, ಬಿಸಿಲೇರುವ ಮೊದಲು ಮುಚ್ಚಿಬಿಟ್ಟರೆ ಗೋಡೆಗಳು ರಾತ್ರಿಯ ತಂಪನ್ನು ಮಧ್ಯಾಹ್ನದವರೆಗೆ ಹಿಡಿದಿಡುತ್ತವೆ.

ಚಳಿ ದೇಶಗಳಲ್ಲಿ ಮನೆ ಇರುವವರಿಗೆ ಇದೇ ಲೆಕ್ಕ ತಿರುವುಮುರುವಾಗಿ ಅನ್ವಯಿಸುತ್ತದೆ: ಶಾಖವನ್ನು ಒಳಗೆ ಉಳಿಸಿಕೊಳ್ಳಬೇಕು. ಗಾಳಿಯಿರುವ ದಿನ ಹೊಗೆಯಾಡುವ ಊದುಬತ್ತಿಯೊಂದನ್ನು ಕಿಟಕಿಯ ಅಂಚು, ಬಾಗಿಲ ಸಂದು, ಪೈಪು ಗೋಡೆ ಸೇರುವ ಜಾಗಗಳ ಬಳಿ ಹಿಡಿದು ನೋಡಿ. ಹೊಗೆ ಅಲುಗಿದ ಕಡೆ ಬಿರುಕಿದೆ. ಮೊದಲು ಅವನ್ನು ಮುಚ್ಚಿ, ಆಮೇಲೆ ಅಟ್ಟಕ್ಕೆ ನಿರೋಧಕ ಹಾಕಿಸಿ, ಕಿಟಕಿಗೆ ಎರಡು ಪದರದ ಗಾಜಿನ ಯೋಚನೆ ಮಾಡಿ. ಈ ದಾರಿಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದನ್ನು ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ವಾಸಕ್ಕೆ ತೆರೆದ ಮೊದಲ ಪಾಸಿವ್ ಹೌಸ್ ತೋರಿಸಿಕೊಟ್ಟಿತು. ಭೌತವಿಜ್ಞಾನಿ ವೋಲ್ಫ್‌ಗಾಂಗ್ ಫೈಸ್ಟ್ ಮತ್ತು ಸಂಗಡಿಗರು ರೂಪಿಸಿದ ಈ ಮಾನದಂಡದ ಪ್ರಕಾರ ಒಂದು ಚದರ ಮೀಟರ್ ನೆಲವನ್ನು ಬೆಚ್ಚಗಿಡಲು ವರ್ಷಕ್ಕೆ 15 ಕಿಲೋವಾಟ್ ಗಂಟೆಗಿಂತ ಹೆಚ್ಚು ಶಾಖ ಬೇಕಾಗಬಾರದು. ಒಂದು ಎಚ್ಚರಿಕೆ: ಬಿರುಕು ಮುಚ್ಚಿದ ಮನೆಗೆ ತಾಜಾ ಗಾಳಿಯ ವ್ಯವಸ್ಥೆಯನ್ನು ಬೇರೆಯಾಗಿ ಮಾಡಲೇಬೇಕು. ಇಲ್ಲದಿದ್ದರೆ ಉಸಿರು, ಸ್ನಾನ, ಅಡುಗೆಗಳ ತೇವವೆಲ್ಲ ಗೋಡೆಯ ಮೂಲೆಗಳಲ್ಲಿ ಬೂಷ್ಟಾಗಿ ಬೆಳೆಯುತ್ತದೆ.

ಹಳೆಯ ಮನೆಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಡೆಯಬೇಡಿ, ಕೊರೆಯಬೇಡಿ, ಅದನ್ನು ತೆಗೆಯಲು ಬಲ್ಲವರನ್ನೇ ಕರೆಸಿ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಒಣಗಿದ ಬಣ್ಣವನ್ನು ಉಜ್ಜಿ ಪುಡಿ ಎಬ್ಬಿಸಿದರೆ ಮನೆಯ ಚಿಕ್ಕ ಮಕ್ಕಳ ಮಿದುಳಿಗೆ ಅಪಾಯ. ಹೊಸ ಬಣ್ಣ ಕೊಳ್ಳುವಾಗ ಆವಿಯಾಗುವ ರಾಸಾಯನಿಕಗಳು ಕಡಿಮೆಯಿರುವುದನ್ನು, ಪ್ಲೈವುಡ್ ಕೊಳ್ಳುವಾಗ ಅದರ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲವನ್ನು ಕಡಿಮೆ ಬಿಡುವ ದರ್ಜೆಯದನ್ನು ಕೇಳಿ.

ನೀರಿನದು ಸರಳ ಲೆಕ್ಕ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 1000 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಚಾವಣಿಗೆ ಒಂದು ಲಕ್ಷ ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 80,000 ಲೀಟರ್ ಕೈಗೆ ಸಿಗುತ್ತದೆ. ಮೊದಲ ಮಳೆಯ ಕೊಳಕು ನೀರನ್ನು ಬೇರೆ ಹರಿಸುವ ಕವಾಟವೊಂದು ಇರಲಿ. ಇದಕ್ಕೂ ಮುಂಚೆ ಸೋರುವ ನಲ್ಲಿ ಸರಿಪಡಿಸಿ: ಸೆಕೆಂಡಿಗೊಂದು ಹನಿಯೆಂದರೂ ವರ್ಷಕ್ಕೆ ಸಾವಿರಾರು ಲೀಟರ್. ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರಿಗೂ ಹೆಚ್ಚು ಸುರಿಯುತ್ತಿದ್ದರೆ ಆರು ಮತ್ತು ಮೂರು ಲೀಟರಿಗೆ ಒತ್ತುವ ಎರಡು ಬಟನ್‌ಗಳಿರುವ ಟ್ಯಾಂಕಿಗೆ ಬದಲಿಸಿ.

ಇಷ್ಟಾದ ಮೇಲೆ ಯಂತ್ರಗಳು. ಮೊದಲೇ ಯಂತ್ರ ತಂದರೆ ತೂತು ಕೊಡಕ್ಕೆ ನೀರು ಹೊತ್ತಂತೆ. ನೆರಳು, ನಿರೋಧಕಗಳ ಕೆಲಸ ಮುಗಿದ ಮನೆಗೆ ಎಷ್ಟೋ ಸಲ ಅರ್ಧ ಸಾಮರ್ಥ್ಯದ ಏರ್ ಕಂಡೀಷನರ್ ಸಾಕಾಗುತ್ತದೆ, ಕೆಲವೊಮ್ಮೆ ಅದೂ ಬೇಡವಾಗುತ್ತದೆ. ಸಾಮಾನ್ಯ ಫ್ಯಾನ್ 75 ವಾಟ್ ಆಸುಪಾಸು ಎಳೆಯುವಲ್ಲಿ ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನದು 30 ವಾಟ್‌ಗೆ ಹತ್ತಿರ. ನೀರು ಕಾಯಿಸುವುದರಲ್ಲಿ ಇನ್ನೂ ದೊಡ್ಡ ಉಳಿತಾಯವಿದೆ. ಗೀಸರ್ ಒಂದು ಯೂನಿಟ್ ವಿದ್ಯುತ್ತಿನಿಂದ ಒಂದು ಯೂನಿಟ್ ಶಾಖವನ್ನಷ್ಟೇ ಕೊಡಬಲ್ಲದು. ಹೀಟ್ ಪಂಪ್ ಸುತ್ತಲಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ತರುವುದರಿಂದ ಅಷ್ಟೇ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಕೊಡುತ್ತದೆ. ಬಿಸಿಲು ಚೆನ್ನಾಗಿರುವ ಕಡೆ ಸೌರ ಜಲತಾಪಕ ಇದಕ್ಕಿಂತಲೂ ಸರಳ.

ಈಗ ಬನ್ನಿ ಸೌರ ಫಲಕಕ್ಕೆ. ಮನೆಯ ಬೇಡಿಕೆ ಇಳಿದಿರುವುದರಿಂದ ನಿಮಗೆ ಬೇಕಾಗುವ ಫಲಕಗಳ ಸಂಖ್ಯೆಯೂ ಇಳಿದಿರುತ್ತದೆ. ಒಂದು ಕಿಲೋವಾಟಿಗೆ ಸುಮಾರು ಐದು ಚದರ ಮೀಟರ್ ಫಲಕ ಬೇಕು, ನಡುವಿನ ಓಡಾಟದ ಜಾಗ ಸೇರಿಸಿದರೆ ಇನ್ನೂ ಹೆಚ್ಚು. ನೀರಿನ ಟ್ಯಾಂಕಿನದೋ ಪಕ್ಕದ ಮನೆಯದೋ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಂದಿಗೆ ಸರಣಿಯಲ್ಲಿ ಜೋಡಿಸಿರುವ ಉಳಿದವುಗಳ ಉತ್ಪಾದನೆ ತಗ್ಗಬಹುದು; ಜಾಗ ಗೊತ್ತುಮಾಡುವಾಗ ಇದನ್ನು ನೋಡಿಕೊಳ್ಳಿ. ಫಲಕಗಳು 25 ವರ್ಷ ಬಾಳುವಂಥವು, ಆದ್ದರಿಂದ ಅವುಗಳ ಕೆಳಗಿನ ತಾರಸಿಯ ಸೋರಿಕೆಯನ್ನು ಮೊದಲೇ ಸರಿಪಡಿಸಿರಬೇಕು. ಸದ್ಯಕ್ಕೆ ಹಣ ಹೊಂದದಿದ್ದರೆ ಫಲಕಗಳು ಮುಂದೆ ಬರಲಿ, ಆದರೆ ನವೀಕರಣ ನಡೆಯುತ್ತಿರುವಾಗಲೇ ತಾರಸಿಯಿಂದ ಮೀಟರ್ ಪೆಟ್ಟಿಗೆಯವರೆಗೆ ಗೋಡೆಯೊಳಗೆ ಖಾಲಿ ಕೊಳವೆಯೊಂದನ್ನು ಹೂಳಿಸಿಡಿ. ಫಲಕ ಬಂದ ದಿನ ಅದರಲ್ಲಿ ತಂತಿ ಎಳೆದರೆ ಸಾಕು, ಗೋಡೆ ಒಡೆಯಬೇಕಾಗುವುದಿಲ್ಲ.