ಪಿನಿಯನ್ ತಲೆಯ ಮೇಲಿನ ಅಂಕಿ

ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಬರುವ ಜೀಪುಗಳಲ್ಲಿ ಹೆಚ್ಚಿನವು ತೊಗರಿ ಹೊಲಗಳಲ್ಲಿ ದುಡಿಯುವಂಥವು. ಮಳೆ ಬಿದ್ದ ಎರೆಮಣ್ಣಿನ ಬಗ್ಗೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಗೆರೆಗಳೆಲ್ಲ ಮುಚ್ಚಿ ಚಕ್ರವೇ ಕರಿಯ ಉಂಡೆಯಾಗುತ್ತದೆ.

ಚಿತ್ತಾಪುರದ ಕಡೆಯ ಗೌಡರೊಬ್ಬರು ತಮ್ಮ ಹಳೆಯ ಜೀಪಿಗೆ 31 ಇಂಚಿನ ಟೈರು ಹಾಕಿಸಿದ್ದರು. ನೋಡಲು ಚೆನ್ನಾಗಿತ್ತು, ಎಳೆಯಲು ಎಂಜಿನ್ನಿಗೆ ಉಸಿರಿರಲಿಲ್ಲ. ಆಕ್ಸಲಿನೊಳಗೆ ಎಂಜಿನ್ನಿನ ತಿರುಗನ್ನು ಚಕ್ರಗಳಿಗೆ ದಾಟಿಸುವ ಹಲ್ಲುಗಾಲಿಗಳ ಜೋಡಿಯೇ ಕ್ರೌನ್ ಪಿನಿಯನ್; ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. 4.27ರ ಜೋಡಿ ತೆಗೆದು 4.88ರದು ಹಾಕೋಣ ಎಂದೆ. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39; ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಸುಮಾರು 4.88 ಸುತ್ತು ತಿರುಗಬೇಕು, ಹಾಗಾಗಿ ಎಳೆತ ಹೆಚ್ಚು. "ಹಿಂದಿನ ಆಕ್ಸಲಿಗೆ ಮಾತ್ರ ಹಾಕಿದರೆ ಸಾಲದೇ ಉಸ್ತಾದ್?" ಎಂದು ಅವರು ಚೌಕಾಸಿಗಿಳಿದರು. ಫೋರ್ ವ್ಹೀಲ್ ಗಾಡಿಯಲ್ಲಿ ಅದು ನಡೆಯದು. ಮುಂದಿನದೂ ಹಿಂದಿನದೂ ಬೇರೆ ಬೇರೆ ಲೆಕ್ಕದಲ್ಲಿ ತಿರುಗಿದರೆ, ಫೋರ್ ವ್ಹೀಲ್ ಹಾಕಿದೊಡನೆ ಎರಡೂ ಜಗ್ಗಾಟಕ್ಕೆ ಬಿದ್ದು, ಅವಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಹಾಳುಮಾಡುತ್ತವೆ.

ಮುಂದಿನದು ನೆಟ್ಟಗೆ ಕುಳಿತಿತು. ಹಿಂದಿನದರಲ್ಲಿ ಎಡವಿದೆ. ಅಂದು ಶರಣಬಸವೇಶ್ವರರ ಜಾತ್ರೆಯ ಹಿಂದಿನ ದಿನ. ಗೌಡರಿಗೆ ಸಂಜೆಯೊಳಗೆ ಗಾಡಿ ಬೇಕು. ಪಿನಿಯನ್ ಎಷ್ಟು ಒಳಗೆ ನಿಲ್ಲಬೇಕೆಂಬುದನ್ನು ಶಿಮ್ಮುಗಳೆಂಬ ತೆಳು ಲೋಹದ ಬಳೆಗಳು ನಿಗದಿಮಾಡುತ್ತವೆ. ಒಳ ಬೇರಿಂಗಿನ ಕಪ್ಪಿನ (ಹೊರಬಳೆಯ) ಅಡಿಯಲ್ಲಿದ್ದ ಹಳೆಯ ಶಿಮ್ಮುಗಳನ್ನೇ ಹೊಸ ಪಿನಿಯನ್ನಿಗೂ ಹಾಕಿದೆ. ಕ್ರೌನಿಗೆ ಡಯಲ್ ಗೇಜ್ ಹಚ್ಚಿದಾಗ ಎರಡರ ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್ 0.20 ಮಿ.ಮೀ. ತೋರಿಸಿತು. 0.15ರಿಂದ 0.25ರೊಳಗಿದ್ದರೆ ಸಾಕು ಎಂಬುದು ನಮ್ಮ ಲೆಕ್ಕ. ಹಲ್ಲಿಗೆ ಬಣ್ಣ ಹಚ್ಚಿ ನೋಡುವುದನ್ನು ಬಿಟ್ಟು ಮುಚ್ಚಳ ಬಿಗಿದೆ.

ನಾಲ್ಕನೇ ದಿನ ಗೌಡರು ಬಂದು, "ಗಾಡಿ ಅಳುತ್ತಿದೆ" ಎಂದರು. ಕಮಲಾಪುರದ ದಾರಿಯಲ್ಲಿ ಓಡಿಸಿದೆ. ವೇಗ 50 ದಾಟಿದೊಡನೆ ಹಿಂದಿನಿಂದ ಸಣ್ಣ ದನಿಯ ಊಳು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು, ಒತ್ತಿದರೆ ಮತ್ತೆ ಶುರು. ಬೇರಿಂಗ್ ಇರಬಹುದು ಎಂದು ಗೌಡರಿಗೆ ಹೇಳಿದೆನಾದರೂ ನನ್ನ ಹೊಟ್ಟೆಗೆ ಆಗಲೇ ತಿಳಿದಿತ್ತು.

ಬಿಚ್ಚಿದೆ. ಕ್ರೌನಿನ ನಾಲ್ಕು ಹಲ್ಲುಗಳಿಗೆ ಹಳದಿ ಪೇಸ್ಟನ್ನು ತೆಳ್ಳಗೆ ಸವರಿದೆ. (ನಮ್ಮ ಉಸ್ತಾದರು ಪ್ರಷ್ಯನ್ ಬ್ಲೂ ಹಚ್ಚುತ್ತಿದ್ದರು; ಬಲ್ಬಿನ ಬೆಳಕಿನಲ್ಲಿ ನನ್ನ ಕಣ್ಣಿಗೆ ಅದು ಹತ್ತುವುದಿಲ್ಲ.) ಹುಡುಗನು ಮರದ ತುಂಡನ್ನು ಕ್ರೌನಿಗೆ ಒತ್ತಿ ತಡೆ ಕೊಟ್ಟ, ನಾನು ಪಿನಿಯನ್ನನ್ನು ಪಾನಾದಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿದೆ. ಪೇಸ್ಟಿನಲ್ಲಿ ಪಿನಿಯನ್ ತಾಗಿದ ಗುರುತು ಹಲ್ಲಿನ ಎತ್ತರದ ನಡುವೆ ಉದ್ದುದ್ದ ಮೊಟ್ಟೆಯಂತೆ ಬೀಳಬೇಕು. ಇಲ್ಲಿ ಹಲ್ಲಿನ ನೆತ್ತಿಯಂಚಿಗೆ ಅಂಟಿಕೊಂಡು ಪಟ್ಟೆಯೊಂದು ಬಿದ್ದಿತ್ತು, ಕೆಳಗೆಲ್ಲ ಹಳದಿ ಹಾಗೆಯೇ. ಪಿನಿಯನ್ ದೂರ ನಿಂತಿದೆ ಎಂದು ಅರ್ಥ. ಬ್ಯಾಕ್‌ಲ್ಯಾಶ್ ಮಾತ್ರ ಸರಿಯಿತ್ತು, ಏಕೆಂದರೆ ಪಿನಿಯನ್ ಎಷ್ಟು ದೂರವಿತ್ತೋ ಅಷ್ಟು ಹತ್ತಿರಕ್ಕೆ ಕ್ರೌನನ್ನು ನಾನೇ ತಳ್ಳಿದ್ದೆ.

ಪಿನಿಯನ್ನನ್ನು ಹೊರತೆಗೆದು ತಲೆಯನ್ನು ಒರೆಸಿ ನೋಡಿದೆ. ಕೆತ್ತಿದ ಅಂಕಿ ಮೈನಸ್ 3. ಗುಜರಿ ಡಬ್ಬಿಯಿಂದ ಹಳೆಯದನ್ನು ಹುಡುಕಿ ತೆಗೆದರೆ ಅದರ ಮೇಲೆ ಪ್ಲಸ್ 2. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದಕ್ಕೆ ನಾವು ಥೌ ಎನ್ನುತ್ತೇವೆ. ಗೊತ್ತಾದ ಅಳತೆಗಿಂತ ಪಿನಿಯನ್ ಎಷ್ಟು ಥೌ ಕ್ರೌನಿಗೆ ಹತ್ತಿರ (ಮೈನಸ್) ಅಥವಾ ದೂರ (ಪ್ಲಸ್) ನಿಲ್ಲಬೇಕೆಂದು ಆ ಅಂಕಿ ಹೇಳುತ್ತದೆ. ಎರಡರ ನಡುವೆ 5 ಥೌ ವ್ಯತ್ಯಾಸ, ಹತ್ತಿರ ಹತ್ತಿರ 0.13 ಮಿ.ಮೀ.; ಎರಡು ಕೂದಲೆಳೆಯಷ್ಟು. ಅಷ್ಟಕ್ಕೇ ಆ ಅಳು.

ಕಪ್ಪಿನ ಅಡಿಗೆ 5 ಥೌ ಶಿಮ್ ಕೂಡಿಸಿದೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕಪ್ ಸರಿದದ್ದರಿಂದ ಪಿನಿಯನ್ ಬೇರಿಂಗುಗಳ ಬಿಗಿತ ಹೆಚ್ಚಾಯಿತು. ಹೊರ ಬೇರಿಂಗಿನ ಕಡೆಯ ಶಿಮ್ ಬದಲಿಸಿ, ಪಿನಿಯನ್ನಿನ ಹೊರತುದಿಯ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಬಿಗಿತ ನೋಡಬೇಕಾಯಿತು. ಪಿನಿಯನ್ ಒಳಗೆ ಬಂದದ್ದರಿಂದ ಬ್ಯಾಕ್‌ಲ್ಯಾಶ್ ಇಳಿಯಿತು. ಕ್ರೌನಿನ ಒಂದು ಬದಿಯ ಶಿಮ್ಮನ್ನು ಇನ್ನೊಂದು ಬದಿಗೆ ಹಾಕಿ ಅದನ್ನು ಹಿಂದಕ್ಕೆ ಸರಿಸಿದೆ. ಮತ್ತೆ ಪೇಸ್ಟ್, ಮತ್ತೆ ಮರದ ತುಂಡು. ಮೂರನೇ ಸಲಕ್ಕೆ ಮೊಟ್ಟೆ ನಡುವೆ ಬಿತ್ತು. ಹಲ್ಲು ಸುಟ್ಟಿರಲಿಲ್ಲ, ಅದು ನನ್ನ ಪುಣ್ಯ. ಎರಡನೇ ಸಲದ ಕೂಲಿಯನ್ನು ನಾನು ಕೇಳಲಿಲ್ಲ. ಗೌಡರೂ ಆ ಮಾತೆತ್ತಲಿಲ್ಲ.

ಮೊದಲ 800 ಕಿ.ಮೀ. ಟ್ರೇಲರ್ ಎಳೆಸಬೇಡಿ, ಆಮೇಲೆ ಆಯಿಲ್ ಬದಲಿಸಲು ಬನ್ನಿ ಎಂದಿದ್ದೆ. ಬಂದರು. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪಾದ ಮಡ್ಡಿ ಹತ್ತಿತ್ತು, ಚೂರು ಒಂದೂ ಇರಲಿಲ್ಲ. ಬೆರಳಿಗೆ ಹಚ್ಚಿಕೊಂಡು ತೋರಿಸಿದೆ. ಗೌಡರು ಬಾಗಿ ನೋಡಿ, "ಇಷ್ಟೇನಾ?" ಎಂದರು.