ಬೇವಿನ ಮರದ ಕೆಳಗಿನ ಕಾಂಟೆಸ್ಸಾ

ಭಾನುವಾರದಿಂದ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ. "ಮಾರಾಕಲ್ಲಪ್ಪ, ರಿಪೇರಿ ಮಾಡಿಸ್ಬೇಕು ಅಂತ ಇಟ್ಟೀನಿ."

ಹೇಳಿದವರು ಭರಮಸಾಗರದ ಹತ್ತಿರದ ಹಳ್ಳಿಯ ಯಜಮಾನರೊಬ್ಬರು. ಅವರ ಹಳೇ ಕಾಂಟೆಸ್ಸಾ ಕಾರು ಬೇವಿನ ಮರದ ಕೆಳಗೆ ನಿಂತಿದೆ. ನಾಲ್ಕೂ ಟೈರ್ ಮಣ್ಣಿಗೆ ಇಳಿದಿವೆ. ಬಾನೆಟ್ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದರು.

ನನ್ನದು 1988ರ ಪ್ರೀಮಿಯರ್ ಪದ್ಮಿನಿ. ದಾವಣಗೆರೆಯಲ್ಲಿ ಇವತ್ತಿಗೂ ಅದನ್ನು ಫಿಯಟ್ ಅಂತಲೇ ಕರೆಯುತ್ತಾರೆ. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್. ಅರವತ್ತರ ಸ್ಪೀಡಿನಲ್ಲಿ ಹಾಯಾಗಿ ಹೋಗುತ್ತದೆ. ರಜೆ ಸಿಕ್ಕರೆ ಸೂಳೆಕೆರೆ, ಸಂತೇಬೆನ್ನೂರಿನ ಪುಷ್ಕರಣಿ, ಇಲ್ಲ ಚಿತ್ರದುರ್ಗದ ಕೋಟೆ ತನಕ. ಅದರ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಕನಸಿನ ಗಾಡಿ ಕಾಂಟೆಸ್ಸಾ. ಚಿಕ್ಕವನಿದ್ದಾಗ ಮಂಡಿಪೇಟೆಯಲ್ಲಿ ಒಂದು ಅಂಗಡಿ ಮುಂದೆ ಬಿಳಿ ಕಾಂಟೆಸ್ಸಾ ನಿಲ್ಲುತ್ತಿತ್ತು. ಅಪ್ಪ ಸಾಮಾನು ಕಟ್ಟಿಸಿಕೊಂಡು ಬರುವ ತನಕ ನಾನು ಅದರ ಪಕ್ಕದಲ್ಲೇ ಇರುತ್ತಿದ್ದೆ. ಆ ಉದ್ದನೆಯ ಮೂತಿ ಈಗಲೂ ಕಣ್ಣಲ್ಲಿದೆ.

ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಈ ಕಾರು ತಂದಿತು. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಇದರ ಮೂಲ. ಮೊದಮೊದಲು ಅಂಬಾಸಿಡರ್ ಇಂಜಿನ್ನನ್ನೇ ಕೂರಿಸಿದ್ದರು. ಅಷ್ಟು ದೊಡ್ಡ ಮೈ ಎಳೆಯಲು ಅದಕ್ಕೆ ಶಕ್ತಿ ಸಾಲುತ್ತಿರಲಿಲ್ಲ. ಆಮೇಲೆ ಇಸುಝು 1.8 ಲೀಟರ್ ಇಂಜಿನ್, ಐದು ಗೇರ್ ಬಂತು. ಯಜಮಾನರದ್ದು ಅದೇ. 2002ರ ಹೊತ್ತಿಗೆ ಕಾಂಟೆಸ್ಸಾ ತಯಾರಿಕೆಯೇ ನಿಂತಿತು. ಹಾಗಾಗಿ ಎಲ್ಲಾದರೂ ಒಂದಿದೆ ಅಂತ ಗೊತ್ತಾದರೆ ನಮ್ಮಂಥವರು ಓಡಿಹೋಗುತ್ತೇವೆ.

ರೇಟು ಕೇಳಿದೆ. ಅದೇ ಮಾತು. ಸ್ವಲ್ಪ ಏರಿಸಿ ಕೇಳಿದೆ. ಮತ್ತೆ ಅದೇ. "ಮಾಡಿಸ್ಬೇಕು ಅಂತ ಇಟ್ಟೀನಿ."

ಒಳಗಿಂದ ಅಮ್ಮನವರು ಚಹಾ ತಂದರು. "ಹದಿನಾರು ವರ್ಷಾತು ಮಾಡಸ್ತಾನೇ ಅದಾರೆ" ಅಂದರು. ಯಜಮಾನರು ಮಾತಾಡಲಿಲ್ಲ. ಕೈಯಿಂದ ಬೇವಿನ ಎಲೆ ಸರಿಸಿ, ಗಾಜು ಒರೆಸಿದರು. ಒರೆಸಿದಷ್ಟು ಜಾಗದಲ್ಲಿ ಒಳಗಿನ ಸೀಟು ಕಾಣಿಸಿತು.

ನನಗೆ ಕೋಪ ಬಂದಿತ್ತು. ಒಳ್ಳೆಯ ಮನುಷ್ಯ, ಆದರೆ ಓಡಿಸೋದೂ ಇಲ್ಲ, ಓಡಿಸುವವರಿಗೆ ಕೊಡೋದೂ ಇಲ್ಲ. ಓಡುವ ಗಾಡಿಗಿಂತ ನಿಂತ ಗಾಡಿ ಬೇಗ ಹಾಳಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರ್ ಕಟ್ಟುತ್ತದೆ. ಬ್ರೇಕ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಇಲಿಗಳು ವೈರ್ ಕಡಿಯುತ್ತವೆ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು, ಅದನ್ನೂ ಮಾಡಿಸಿಲ್ಲ.

ವಾಪಸ್ ಬರುವಾಗ ಹೈವೇಯಲ್ಲಿ ಕೋಪ ಇಳಿಯಿತು. ಆ ಗಾಜು ಒರೆಸಿದ ಕೈ ಕಣ್ಣ ಮುಂದಿತ್ತು. ಗುಜರಿಯವರು ಎಷ್ಟು ಸಲ ಬಂದು ಕೇಳಿರಬಹುದು? ತೂಕಕ್ಕೆ ಹಾಕಿದ್ದರೆ ಇವತ್ತು ನಾನು ನೋಡಲು ಏನೂ ಇರುತ್ತಿರಲಿಲ್ಲ. ನಮ್ಮ ಊರಿನಲ್ಲಿ ಕಾಟನ್ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಆ ಮಿಲ್ಲುಗಳ ಕಾಲದ ವಸ್ತುಗಳನ್ನು ಯಾರೂ ಹೀಗೆ ಹಿಡಿದಿಟ್ಟುಕೊಳ್ಳಲಿಲ್ಲ. ಒಂದನ್ನು ಬಿಟ್ಟುಕೊಡಲು ಮನಸ್ಸಾಗದೆ ಹದಿನಾರು ವರ್ಷ ಇಟ್ಟುಕೊಳ್ಳುವುದು ಸುಮ್ನೆ ಹಠ ಅಲ್ಲ. ನಾನು ಕೊಳ್ಳಬೇಕು ಅನ್ನುವ ಆಸೆಗಿಂತ ಅವರ ಆಸೆ ಹಳೆಯದು ಅಲ್ವಾ? ನಾನು ಸ್ವಲ್ಪ ಹೊತ್ತು ಅದನ್ನು ಮರೆತಿದ್ದೆ.

ಹೊರಡುವಾಗ ಅವರಿಗೆ ಒಂದು ಮಾತು ಹೇಳಿ ಬಂದಿದ್ದೆ. "ಯಜಮಾನ್ರೇ, ಬೇರೆ ಏನೂ ಮಾಡಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಡಿ. ಒಂದು ವಾರ ಹಾಗೇ ಇರಲಿ. ಆಮೇಲೆ ಸ್ಪಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಇಂಜಿನ್ ತಿರುಗಿದರೆ ಅರ್ಧ ಗೆದ್ದಂಗೆ. ಸೆಲ್ಫ್ ಮಾತ್ರ ಹೊಡೀಬೇಡಿ." ಅವರು ಹೂಂ ಅಂದಿದ್ದರು. ನಂಬರ್ ಬರೆದುಕೊಂಡಿದ್ದರು. ನಾನು ಅಷ್ಟಕ್ಕೇ ಬಿಟ್ಟಿದ್ದೆ.

ನಿನ್ನೆ ಸಂಜೆ ಫೋನ್ ಬಂತು.

"ತಮ್ಮಾ, ಮೂರು ಬಿಚ್ಚೀನಿ. ನಾಕನೇ ಪ್ಲಗ್ಗು ಬರವಲ್ದು. ಬರೋ ಭಾನುವಾರ ಬರ್ತೀಯೇನು?"