ಇಲ್ಲ, ನನಗೂ ಏನೂ ‘ಹೊಳೆಯುವುದಿಲ್ಲ’

“ನಿಯಮಗಳನ್ನೆಲ್ಲ ಬರೆದುಕೊಳ್ಳುತ್ತೇನೆ, ಆದರೆ ಇನ್ಫರೆನ್ಸ್ ಹೊಳೆಯುವುದೇ ಇಲ್ಲ. ನಿಮಗೆ ಹೇಗೆ ಹೊಳೆಯುತ್ತದೆ?” ಪ್ರವೇಶ ಪರೀಕ್ಷೆಗಳ ಲಾಜಿಕ್ ಗೇಮ್‌ಗಳನ್ನು ಕೆಲವು ವರ್ಷ ಹೇಳಿಕೊಟ್ಟ ತಪ್ಪಿಗೆ ಈ ಪ್ರಶ್ನೆ ನಾನು ಹೋದಲ್ಲೆಲ್ಲ ಬರುತ್ತದೆ. (ನಿಯಮಗಳು ನೇರವಾಗಿ ಹೇಳದಿದ್ದರೂ ಅವುಗಳಿಂದ ಖಚಿತವಾಗಿ ಹೊರಡುವ ಮಾತೇ ಇನ್ಫರೆನ್ಸ್.) ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನನ್ನ ತಕರಾರು ‘ಹೊಳೆಯುವುದು’ ಎಂಬ ಪದದ ಮೇಲೆಯೇ. ಹೊಳೆಯಲು ಅದೇನು ಕವಿತೆಯೇ? ಒಂದೇ ಹೆಸರು ಅಥವಾ ಒಂದೇ ಜಾಗ ಎರಡು ನಿಯಮಗಳಲ್ಲಿ ತಲೆಹಾಕಿದ್ದರೆ ಆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಅಷ್ಟೆ. ಗುಮಾಸ್ತನ ಕೆಲಸ.

ಒಂದು ಆಟ ನೋಡಿ. ಕ, ಗ, ಚ, ಟ, ನ, ಪ ಎಂಬ ಆರು ಜನ ಒಬ್ಬರಾದ ಮೇಲೆ ಒಬ್ಬರು ಭಾಷಣ ಮಾಡಬೇಕು. ಕ ಮಾತಾಡಿದ ಮೇಲೆಯೇ ಯಾವಾಗಲಾದರೂ ಗ ಮಾತಾಡುತ್ತಾನೆ. ಗ ಮುಗಿಸಿದ ಕೂಡಲೇ ಚ. ಟ ಮೂರನೆಯವನು. ನ ಮೊದಲನೆಯವನಾದರೆ ಪ ಕೊನೆಯವನು.

ಗ ಎರಡು ನಿಯಮಗಳಲ್ಲಿದ್ದಾನೆ. ಜೋಡಿಸಿದರೆ ಮುಂದೆ ಕ, ಹಿಂದೆ ಎಲ್ಲೋ ಅಂಟಿಕೊಂಡ ಗ-ಚ. ಕ ಮುಂದಿರಬೇಕಾದ್ದರಿಂದ ಗ-ಚ ಜೋಡಿ ಒಂದು-ಎರಡರಲ್ಲಿ ಕೂರದು. ಮೂರನೆಯ ಜಾಗ ಟನದು, ಹಾಗಾಗಿ ಎರಡು-ಮೂರು, ಮೂರು-ನಾಲ್ಕು ಕೂಡ ಹೋದವು. ಉಳಿದದ್ದು ನಾಲ್ಕು-ಐದು ಅಥವಾ ಐದು-ಆರು. ಅಂದರೆ ಐದನೆಯ ಜಾಗದಲ್ಲಿ ಗ ಇಲ್ಲವೇ ಚ. ಬೇರೆ ಯಾರಿಗೂ ಅಲ್ಲಿ ಪ್ರವೇಶವಿಲ್ಲ. ಯಾವ ನಿಯಮವೂ ಐದನೆಯ ಜಾಗದ ಹೆಸರೆತ್ತಿಲ್ಲ. ಆದರೂ ಸಿಕ್ಕಿತು. ಇದರಲ್ಲಿ ಹೊಳೆದದ್ದೇನು?

“ಇಷ್ಟಕ್ಕೆಲ್ಲ ಸಮಯ ಎಲ್ಲಿದೆ?” ಎನ್ನುತ್ತಾರೆ. ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನಲ್ಲಿ ನಾಲ್ಕು ಆಟಗಳಿಗೆ 35 ನಿಮಿಷ ಇರುತ್ತಿತ್ತು, ಒಂದಕ್ಕೆ ಒಂಬತ್ತು ನಿಮಿಷವೂ ಇಲ್ಲ. (2024ರ ಆಗಸ್ಟ್‌ನಿಂದ ಅವರು ಆ ವಿಭಾಗವನ್ನೇ ಕೈಬಿಟ್ಟರು. ಅದನ್ನು ನನಗೆ ವಿಜಯೋತ್ಸಾಹದಿಂದ ತಿಳಿಸುವವರೇ, ಗೊತ್ತಿದೆ. ಬೇರೆ ಪರೀಕ್ಷೆಗಳಲ್ಲಿ ಜನರನ್ನು ಸಾಲಿನಲ್ಲಿ ಕೂರಿಸುವ ಲೆಕ್ಕಗಳು ಎಲ್ಲಿಗೂ ಹೋಗಿಲ್ಲ.) ಮೊದಲ ಎರಡು ನಿಮಿಷ ಜೋಡಣೆಗೆ ಕೊಡದವರು ಅದೇ ಕೆಲಸವನ್ನು ಆ ಆಟದ ಪ್ರತಿ ಪ್ರಶ್ನೆಗೂ ಹೊಸದಾಗಿ ಮಾಡುತ್ತಾರೆ.

ಒಮ್ಮೆ ಸಂಬಂಧಿಕರ ಹುಡುಗನೊಬ್ಬ ಇದೇ ಆಟ ಬರೆದ ನೋಟ್‌ಬುಕ್ ಹಿಡಿದು ಬಂದ. ನಾಲ್ಕು ಬಣ್ಣದ ಪೆನ್ನು, ಅಡಿಗೋಲು ಇಟ್ಟು ಎಳೆದ ಬಾಣಗಳು. ನಾಲ್ಕನೆಯ ನಿಯಮದ ಬಾಣಕ್ಕೆ ಎರಡೂ ಕಡೆ ಮೊನೆ. “ಪ ಕೊನೆಯವನಾದರೆ ನ ಮೊದಲನೆಯವನೇ ಅಲ್ಲವೇ?” ಎಂದ. ಅಲ್ಲ ಎಂದೆ. ಅರ್ಧ ಗಂಟೆ ವಾದ. ಕೊನೆಗೆ ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ ತೆಗೆದೆ: ಹೊಗೆಯಿದ್ದಲ್ಲಿ ಬೆಂಕಿಯಿದೆ, ಸರಿ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆ ಎಲ್ಲಿದೆ? ಅವನು ತಣ್ಣಗೆ ಕೇಳಿದ: “ಹೋಮ್‌ವರ್ಕ್ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ ಎಂದು ಅಮ್ಮ ಹೇಳಿದರೆ, ಮುಗಿಸದಿದ್ದರೂ ಬಿಡಬಹುದು ಎಂದು ಅರ್ಥವೇ ಮಾವ?”

ನನಗೆ ಉತ್ತರ ತೋಚಲಿಲ್ಲ. ಸಿಟ್ಟು ಬಂತು, ಅದೂ ನಿಜ. ಆದರೆ ಅವನು ಹೇಳಿದ್ದರಲ್ಲಿ ಹುರುಳಿತ್ತು. ಮನೆಮಾತಿನಲ್ಲಿ ‘ಆದರೆ’ ಎಂದಾಗ ‘ಆದರೆ ಮಾತ್ರ’ ಎಂಬುದನ್ನು ನಾವೇ ಸೇರಿಸಿಕೊಂಡು ಕೇಳುತ್ತೇವೆ. ಪರೀಕ್ಷೆ ಬರೆಯುವವನು ಹಾಗೆ ಸೇರಿಸಿಕೊಳ್ಳುವಂತಿಲ್ಲ. ‘ಮಾತ್ರ’ ಬಿದ್ದರೆ ಬಾಣವೇ ತಿರುಗುತ್ತದೆ: ‘ನ ಮೊದಲನೆಯವನಾದರೆ ಮಾತ್ರ ಪ ಕೊನೆಯವನು’ ಎಂದರೆ, ಪ ಕೊನೆಯಲ್ಲಿ ಕಂಡರೆ ನ ಮೊದಲಲ್ಲಿರಲೇಬೇಕು. ನಮ್ಮ ನಿಯಮದಲ್ಲಿ ಆ ಪದವಿಲ್ಲ. ಅದರಿಂದ ಖಚಿತವಾಗಿ ಸಿಗುವ ಇನ್ನೊಂದು ಮಾತು ಒಂದೇ: ಪ ಕೊನೆಯವನಲ್ಲದಿದ್ದರೆ ನ ಮೊದಲನೆಯವನಲ್ಲ. ಹಾಗಾಗಿ ಗ-ಚ ಐದು-ಆರಕ್ಕೆ ಹೋದ ಕೂಡಲೇ ನ ಎಂಬವನಿಗೆ ಮೊದಲ ಜಾಗ ತಪ್ಪಿತು.

ತರ್ಕಶಾಸ್ತ್ರದಲ್ಲಿ ಇನ್ಫರೆನ್ಸ್‌ಗೆ ‘ಅನುಮಾನ’ ಎಂದೇ ಹೆಸರು. ಆಡುಮಾತಿನಲ್ಲಿ ಅದೇ ಪದಕ್ಕೆ ಸಂಶಯ ಎಂಬ ಅರ್ಥ. ನನ್ನ ವಿದ್ಯಾರ್ಥಿಗಳು ಎರಡನೆಯ ಅರ್ಥವನ್ನೇ ಹಿಡಿದರು ಎಂದು ಅನೇಕ ಸಲ ಅನ್ನಿಸಿದೆ: “ಸಾರ್, ಪ ಕೊನೆಯಲ್ಲಿರಬಹುದು ಅಂತ ಅನುಮಾನ.”

ಹಾಗಾಗಿ ಯಾರಾದರೂ ಒಮ್ಮೆ ‘ಇನ್ಫರೆನ್ಸ್ ಹೇಗೆ ಹೊಳೆಯುತ್ತದೆ’ ಎನ್ನುವ ಬದಲು ‘ಈ ನಿಯಮ ಏನನ್ನು ಹೇಳುತ್ತಿಲ್ಲ’ ಎಂದು ಕೇಳಲಿ ಎಂದು ಕಾಯುತ್ತಿದ್ದೇನೆ. ನನ್ನ ಬಳಿ ಬಂದವರಲ್ಲಿ ಇನ್ಫರೆನ್ಸ್ ಸಿಗದೆ ಸೋತವರಿಗಿಂತ, ಇಲ್ಲದ ಇನ್ಫರೆನ್ಸ್ ಸಿಕ್ಕಿ ಸೋತವರೇ ಹೆಚ್ಚು. ಶುರುವಿನಲ್ಲಿ ನಾನೂ ಆ ಗುಂಪಿನವನೇ. ಹುಡುಗನಿಗೆ ಅದನ್ನು ಹೇಳಲಿಲ್ಲ.

ಇನ್ನು ನನ್ನನ್ನು ಕೇಳುವ ಮುಂಚೆ ಮೇಲಿನ ಆಟಕ್ಕೆ ಒಪ್ಪುವ ಸಾಲುಗಳನ್ನೆಲ್ಲ ಬರೆದು ಎಣಿಸಿ. ಎಂಟು ಬರಬೇಕು. ಹತ್ತು ಬಂದರೆ ನಾಲ್ಕನೆಯ ನಿಯಮವನ್ನು ಮರೆತಿದ್ದೀರಿ. ಒಂಬತ್ತು ಬಂದರೆ ಬಾಣವನ್ನು ತಿರುಗಿಸಿ ಓದಿದ್ದೀರಿ. ಹುಡುಗನಿಗೆ ಏಳು ಬಂದಿತ್ತು.